ಅಂಚಿಲ್ಲದ ಬಲೆ

ನಮ್ಮಮ್ಮನಿಗೆ ಸೊಟ್ಟಗಿರುವುದು ಯಾವುದೂ ಸೇರುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ, ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ಹೋಗಿ ಸರಿಮಾಡಿ ಬರುತ್ತಿದ್ದಳು. ಹಪ್ಪಳ ದುಂಡಗಿರಬೇಕು, ಮಡಿಸಿದ ಸೀರೆಯ ಅಂಚಿಗೆ ಅಂಚು ಕೂಡಬೇಕು, ನನ್ನ ಎರಡು ಜಡೆ ಒಂದೇ ಅಳತೆಗಿರಬೇಕು. ಇಂಥವಳ ಕೈಗೆ ಸೈನಿಕರನ್ನು ಬಚ್ಚಿಡುವ ಬಲೆ ಕಟ್ಟುವ ಕೆಲಸ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳು, ಜಯನಗರದ ನಮ್ಮ ಮನೆಯ ಹಜಾರ, ಎಂಟು ಜನ ಹೆಂಗಸರು, ಒಂದು ಗೋಸುಂಬೆ. ಈಗ ನೆನೆಸಿಕೊಂಡರೆ ನಗು ತಡೆಯಲಾಗುವುದಿಲ್ಲ. ಆಗ ಮಾತ್ರ ಮೂರು ವಾರ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಕೇಳುವವರೂ ಇರಲಿಲ್ಲ.

ಕೆಲಸ ಬಂದದ್ದು ಮಹಡಿಯಿಂದ. ಅಲ್ಲಿ ಬಾಡಿಗೆಗಿದ್ದವರು ಸೈನ್ಯಕ್ಕೆ ಬೇಕಾದ ಸಾಮಗ್ರಿಗಳ ಬಗ್ಗೆ ಸಂಶೋಧನೆ ನಡೆಸುವ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ಬಹಳ ಮೆತ್ತಗಿನ ಮನುಷ್ಯ. ಮೆಟ್ಟಿಲಿಗೆ ಎಲ್ಲಿ ನೋವಾದೀತೋ ಎಂಬ ಹಾಗೆ ಮೆಟ್ಟಿಲಿಳಿಯುತ್ತಿದ್ದರು. ಒಂದು ಸಂಜೆ ಅಮ್ಮ ವರಾಂಡದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾಗ ಅವರು ಗೇಟಿನ ಹತ್ತಿರ ನಿಂತುಬಿಟ್ಟರು. ಅವಳ ಬೆರಳುಗಳನ್ನೇ ನೋಡುತ್ತ ಐದು ನಿಮಿಷ ಕಳೆದಿರಬೇಕು. ಅಮ್ಮ ಮುಜುಗರದಿಂದ ಸೆರಗು ಎಳೆದುಕೊಂಡಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಈ ಗಂಟನ್ನ ಬಟ್ಟೆ ಪಟ್ಟಿಗೆ ಹಾಕಕ್ಕಾಗುತ್ತಾ?" ಎಂದರು.

"ಹೂವಿಗೇ ಹಾಕ್ತೀವಿ, ಬಟ್ಟೆಗೇನು? ಆಗುತ್ತೆ."

ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ವಿಷಯ ಹೇಳಿದರು. ನಮ್ಮ ಹಜಾರದಷ್ಟು ದೊಡ್ಡ ಬಲೆ. ಅದರ ಕಣ್ಣು ಕಣ್ಣಿಗೂ ಬಟ್ಟೆಯ ಪಟ್ಟಿಗಳನ್ನು ಕಟ್ಟಬೇಕು. ಅದನ್ನು ಹೊದ್ದು ಮಲಗಿದ ಸೈನಿಕ ಪೊದೆಯ ಹಾಗೆ ಕಾಣಬೇಕು. ಒಂದೇ ಒಂದು ಮಾದರಿ ಮಾಡಿಕೊಡಿ ಎಂದರೆ ಯಾವ ಗಿರಣಿಯವರೂ ಒಪ್ಪುತ್ತಿಲ್ಲ. ಬರಿ ಕಣ್ಣಿಗೆ ಕಾಣದಿದ್ದರೆ ಸಾಲದು, ಈಗ ಬಂದಿರುವ ಕ್ಯಾಮೆರಾಗಳಿಗೂ ಕಾಣಬಾರದು, ಅದೇ ದೊಡ್ಡ ತಲೆನೋವು ಎಂದರು. ಮನುಷ್ಯರ ಕಣ್ಣಿಗೆ ಕಾಣದ ಒಂದು ಬೆಳಕಿದೆಯಂತೆ. ಹಸಿರೆಲೆಗಳು ಅದನ್ನು ಹಿಂದಕ್ಕೆ ಎಸೆಯುತ್ತವೆ, ಅಂಗಡಿಯ ಹಸಿರು ಬಟ್ಟೆ ಅದನ್ನು ಕುಡಿದುಬಿಡುತ್ತದೆ. ಆ ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ಗಿಡಮರವೆಲ್ಲ ಬೆಳ್ಳಗೆ, ನಡುವೆ ಅಡಗಿದವನು ಮಾತ್ರ ಹಂಚಿನ ಮಸಿಯಷ್ಟು ಕಪ್ಪಗೆ.

"ಕಾಣದೇ ಇರೋ ಬೆಳಕು ಅಂದ್ರೇನು ಸಾರ್? ಕಾಣಕ್ಕೇ ಅಲ್ವಾ ಬೆಳಕು ಇರೋದು?" ಎಂದಳು ಅಮ್ಮ.

ಅವರು ನಕ್ಕರು. ಎಲೆಯ ಮೇಲೆ ಕೂರುವ ಕೆಲವು ಕಪ್ಪೆಗಳ ಚರ್ಮ ಆ ಬೆಳಕನ್ನು ಎಲೆಯ ಹಾಗೆಯೇ ಹಿಂದಕ್ಕೆ ಎಸೆಯುತ್ತದೆಂದೂ, ಆ ಕಪ್ಪೆಯನ್ನು ನೋಡಿಯೇ ತಾವು ಹೊಸ ಬಣ್ಣ ತಯಾರಿಸಿದ್ದೇವೆಂದೂ ಹೇಳಿದರು. ಮರುದಿನ ಆ ಬಣ್ಣದ ಬಟ್ಟೆಯ ಥಾನುಗಳು ಬಂದವು. ಅಂದಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಕಪ್ಪೆಬಟ್ಟೆ ಎಂದೇ ಹೆಸರಾಯಿತು.

ಅಮ್ಮ ಒಪ್ಪಿಕೊಂಡದ್ದು ಮಹಡಿಯವರ ದಾಕ್ಷಿಣ್ಯಕ್ಕಲ್ಲ. ಒಪ್ಪಿಕೊಂಡದ್ದು ನನ್ನ ಮಾವನಿಗಾಗಿ, ಅಂದರೆ ಅವಳ ತಮ್ಮನಿಗಾಗಿ. ಎಪ್ಪತ್ತೊಂದರ ಯುದ್ಧದಲ್ಲಿ ಮಾವ ಮತ್ತಿಬ್ಬರು ಬಯಲಿನಲ್ಲಿ ಬಲೆ ಹೊದ್ದು ಮಲಗಿದ್ದಾಗ ಮೇಲಿನಿಂದ ವಿಮಾನ ಅವರನ್ನು ಕಂಡುಹಿಡಿದಿತ್ತು. ಮೂವರೂ ಬದುಕಿದರು, ಆದರೆ ಮಾವನ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ. ಕುಂಟುತ್ತ ನಮ್ಮ ಮನೆಗೆ ಬಂದವನು ಅಲ್ಲೇ ಉಳಿದುಬಿಟ್ಟ. ತರಕಾರಿ ತರುವುದು, ನಶ್ಯ ಏರಿಸುವುದು, ಇಡೀ ರಸ್ತೆ ಬೆಚ್ಚಿಬೀಳುವಂತೆ ಸೀನುವುದು, ಎಲ್ಲರನ್ನೂ ಗೇಲಿ ಮಾಡುವುದು, ಇಷ್ಟು ಅವನ ದಿನಚರಿ. ಆ ದಿನದ ಬಗ್ಗೆ ಕೇಳಿದರೂ ಗೇಲಿಯೇ. "ನಮ್ಮ ಬಲೆ ಮದುವೆ ಮನೆ ಶಾಮಿಯಾನದ ಥರ ನೀಟಾಗಿತ್ತು. ಮೇಲಿಂದ ನೋಡಿದವ್ರು ಊಟಕ್ಕೆ ಕರೀತಿದಾರೆ ಅಂದ್ಕೊಂಡು ಬಂದ್ರು," ಎನ್ನುತ್ತಿದ್ದ.

ಈ ಮಾತಿಗೆ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು, ಅಮ್ಮ ಒಬ್ಬಳನ್ನು ಬಿಟ್ಟು. ಯುದ್ಧದ ಸಮಯದಲ್ಲಿ ಇಪ್ಪತ್ತು ದಿನ ಅವನಿಂದ ಕಾಗದ ಬಂದಿರಲಿಲ್ಲ. ಆ ಇಪ್ಪತ್ತು ದಿನ ಅಂಚೆಯವನು ಗೇಟು ದಾಟಿ ಮುಂದೆ ಹೋಗುವುದನ್ನು ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದದ್ದು, ಚಿಕ್ಕ ಹುಡುಗಿಯಾಗಿದ್ದ ನನಗೂ ನೆನಪಿದೆ.

"ಈ ಮಾದರಿ ಪಾಸಾಗದಿದ್ರೆ ಏನಾಗುತ್ತೆ ಸಾರ್?" ಎಂದು ಮಹಡಿಯವರನ್ನು ಆ ಮೊದಲ ಸಂಜೆಯೇ ಕೇಳಿದ್ದಳು.

"ಏನಾಗುತ್ತೆ, ಫೈಲ್ ಮುಚ್ತಾರೆ. ಹಳೇ ಬಲೆಗಳೇ ಮುಂದುವರಿಯುತ್ವೆ."

"ಶಾಮಿಯಾನಾನಾ?" ಎಂದಳು ಅಮ್ಮ. ಮಹಡಿಯವರಿಗೆ ಅರ್ಥವಾಗಲಿಲ್ಲ. "ನಾವು ಕಟ್ತೀವಿ. ಥಾನು ಕಳಿಸಿ."

ನಾವು ಎಂದರೆ ಶನಿವಾರದ ಭಜನೆ ಗುಂಪಿನ ಎಂಟು ಜನ. ಎಲ್ಲರೂ ನಮ್ಮ ರಸ್ತೆಯವರೇ, ಎಲ್ಲರೂ ಮಾತಾಡುತ್ತ ಮಾತಾಡುತ್ತ ಮಾರುಗಟ್ಟಲೆ ಹೂ ಕಟ್ಟಿ ಎಸೆಯುವವರು. ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನಗೆ ಪಟ್ಟಿ ಕತ್ತರಿಸುವ ಕೆಲಸ ಸಿಕ್ಕಿತು. ವಿಷಯ ಹೊರಗೆ ಹೋಗಬಾರದೆಂದು ಮಹಡಿಯವರು ಕೈಮುಗಿದು ಕೇಳಿಕೊಂಡಿದ್ದರು. ಅದಕ್ಕೆ ಯಾರಾದರೂ ಕೇಳಿದರೆ ದ್ರಾಕ್ಷಿ ಚಪ್ಪರಕ್ಕೆ ಹಕ್ಕಿ ಬಾರದಂತೆ ಹೊದಿಕೆ ಎಂದು ಹೇಳಬೇಕೆಂದು ಅಮ್ಮ ತೀರ್ಮಾನಿಸಿದಳು. ನಮ್ಮ ಮನೆಯಲ್ಲಿ ದ್ರಾಕ್ಷಿ ಬಳ್ಳಿ ಇರಲಿಲ್ಲ. ಅದನ್ನು ಮೊದಲು ಗಮನಿಸಿದವರು ಎದುರುಮನೆ ಆಂಟಿ. ಅವರು ಭಜನೆಯಲ್ಲಿ ಶ್ರುತಿಯ ವಿಚಾರಕ್ಕೆ ಜಗಳವಾಡಿ ಗುಂಪು ಬಿಟ್ಟವರು, ಅಂದಿನಿಂದ ನಮ್ಮ ಗೇಟಿನ ಮೇಲೆ ಒಂದು ಕಣ್ಣಿಟ್ಟೇ ಇದ್ದರು.

ಹತ್ತು ದಿನಗಳಲ್ಲಿ ಬಲೆ ಸಿದ್ಧವಾಯಿತು. ಹಜಾರದ ತುಂಬ ಹರಡಿದಾಗ, ಸುಳ್ಳು ಯಾಕೆ ಹೇಳಲಿ, ನಮಗೆಲ್ಲ ಹೆಮ್ಮೆಯಿಂದ ಎದೆ ಉಬ್ಬಿತು. ತಿಳಿಹಸಿರು, ಕಡುಹಸಿರು, ಮಣ್ಣಿನ ಬಣ್ಣ. ಎಲ್ಲ ಪಟ್ಟಿಗಳೂ ಒಂದೇ ಉದ್ದ, ಎಲ್ಲ ಗಂಟುಗಳೂ ಬಿಗಿ. ಕೊನೆಯ ದಿನ ಅಮ್ಮ ಸುತ್ತಲೂ ನಾಲ್ಕು ಬೆರಳಗಲ ಕಡುಹಸಿರಿನ ಅಂಚು ಕಟ್ಟಿಸಿದ್ದಳು. ಅಂಚು ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅಂಚಿಲ್ದೇ ಇರೋ ಬಟ್ಟೇನ ಯಾರಾದ್ರೂ ಹೊದೀತಾರೇನೇ?" ಎಂದು ನನಗೇ ಬೈದಳು. ಪ್ರಾಣಿಶಾಸ್ತ್ರ ಓದಿದ ನಾನೇ ಅಂಚಿಗೆ ಪಟ್ಟಿ ಕತ್ತರಿಸಿಕೊಟ್ಟಿದ್ದೆ. ಮಾವ ಮಾತ್ರ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

ವಾರ ಕಳೆದ ಮೇಲೆ ಮಹಡಿಯವರು ಒಂದು ದೊಡ್ಡ ಫೋಟೋ ಹಿಡಿದುಕೊಂಡು ಬಂದರು. ಎಂಟೂ ಜನ, ಜೊತೆಗೆ ನಾನು, ಸುತ್ತಲೂ ಬಗ್ಗಿದೆವು. ಆ ವಿಶೇಷ ಫಿಲ್ಮಿನಲ್ಲಿ ಎತ್ತರದಿಂದ ತೆಗೆದದ್ದು. ಪೊದೆಗಳೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಿದ್ದವು. ಕಪ್ಪೆಬಟ್ಟೆಯೂ ಬೆಳ್ಳಗೇ ಬಂದಿತ್ತು, ಅಂದರೆ ಅವರ ಬಣ್ಣ ಗೆದ್ದಿತ್ತು. ಆದರೆ ಕಡು ಬಣ್ಣದ ಪಟ್ಟಿಗಳು ಒಂದಿಷ್ಟು ಮಾಸಲಾಗಿ ಬಂದು, ಆ ಬಿಳಿಯ ನಡುವೆ ಚೌಕಟ್ಟು ಹಾಕಿದ ಹಾಗೆ ಅಂಚು, ಅಂಚಿನ ಒಳಗೆ ಸಾಲು ಸಾಲಾಗಿ ಏನೋ ಆಕಾರಗಳು.

"ಅಯ್ಯೋ, ಇದು ನನ್ನ ಹದಿನೈದು ಚುಕ್ಕಿ ಕಮಲ ಅಲ್ವೇನ್ರೀ!" ಎಂದು ಕೂಗಿದರು ಒಬ್ಬರು.

ನಿಜವೇ. ಯಾರಿಗೂ ಗೊತ್ತಿಲ್ಲದ ಹಾಗೆ ಬೆರಳುಗಳು ತಮ್ಮ ಪಾಡಿಗೆ ತಾವು ದಿನ ಬೆಳಗ್ಗೆ ಮಾಡುವ ಕೆಲಸವನ್ನೇ ಮಾಡಿದ್ದವು. ಬಲೆಯ ಕಣ್ಣುಗಳೇ ಚುಕ್ಕಿ, ಕಪ್ಪೆಬಟ್ಟೆಯೇ ರಂಗೋಲಿ ಪುಡಿ. ಒಬ್ಬೊಬ್ಬರೂ ತಮ್ಮ ತಮ್ಮ ಭಾಗ ಗುರುತಿಸತೊಡಗಿದರು. ಇದು ನನ್ನ ನವಿಲು, ಅದು ನಿಮ್ಮ ತೇರು, ಈ ಮೂಲೇಲಿ ಒಂದು ಎಳೆ ತಪ್ಪಿದ್ದೀರ ನೋಡಿ. ಸಂಭ್ರಮವೋ ಸಂಭ್ರಮ. ಮಹಡಿಯವರು ಪಾಪ, ಮಧ್ಯೆ ನಿಂತು ಕಾಯುತ್ತಿದ್ದರು. ಸದ್ದು ಇಳಿದ ಮೇಲೆ ಮೆಲ್ಲಗೆ ಹೇಳಿದರು. "ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಕಾಡಲ್ಲಿ ಯಾರೂ ರಂಗೋಲಿ ಹಾಕಲ್ಲ. ನೋಡೋರಿಗೆ ಎರಡು ಸೆಕೆಂಡು ಸಾಕಾಯ್ತು."

ಮೂರು ವಾರದಲ್ಲಿ ಇನ್ನೊಂದು ಪರೀಕ್ಷೆಗೆ ಒಪ್ಪಿಸಿದ್ದೇನೆ, ಅದೇ ಕೊನೆಯದು ಎಂದು ಹೇಳಿ ಅವರು ಮೇಲೆ ಹೋದರು. ಅಮ್ಮ ಫೋಟೋವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

"ಶಾಮಿಯಾನ ಕಟ್ಟಿಬಿಟ್ನಲ್ಲೇ," ಎಂದಳು. ಕಣ್ಣು ತುಂಬಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅವಳು ಇಳಿಸಲಿಲ್ಲ. ಹಾಲು ಉಕ್ಕಿಸಿದ ಅಮ್ಮನನ್ನು ನಾನು ಅಂದೇ ಮೊದಲು ನೋಡಿದ್ದು.

ಮರುದಿನದಿಂದ ಅಡ್ಡಾದಿಡ್ಡಿ ಕಟ್ಟುವ ಅಭ್ಯಾಸ ಶುರುವಾಯಿತು. ಹೇಳುವುದು ಸುಲಭ. ಕಣ್ಣು ಮುಚ್ಚಿ ಕಟ್ಟಿ ನೋಡಿದರು, ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ, ಇನ್ನೂ ಚೊಕ್ಕಟವಾಗಿ ಕಮಲ ಅರಳಿತು. ಚೀಟಿ ಎತ್ತಿ, ಬಂದ ಬಣ್ಣ ಕಟ್ಟಿದರು. ಅಮ್ಮ ತನಗೆ ಸರಿಹೊಂದದ ಚೀಟಿಯನ್ನು ಯಾರಿಗೂ ಕಾಣದಂತೆ ಮಡಿಲಿಗೆ ಸೇರಿಸಿ ಬೇರೆ ಎತ್ತುತ್ತಿದ್ದಳು. ನಾನು ಹಿಡಿದುಹಾಕಿದೆ. "ಎರಡು ಮಣ್ಣಿನ ಬಣ್ಣ ಪಕ್ಕಪಕ್ಕ ಬಂದ್ರೆ ನಂಗೆ ಕೈ ತುರಿಸುತ್ತೆ ಕಣೇ, ನಾನೇನ್ ಮಾಡ್ಲಿ?" ಎಂದು ನನ್ನ ಮೇಲೇ ಹರಿಹಾಯ್ದಳು. ಮೊದಲ ವಾರ ಹೀಗೇ ಹೋಯಿತು.

ನನಗೂ ಸಿಟ್ಟು ಬಂತು. ಮೂರು ವರ್ಷ ಕಾಲೇಜಿನಲ್ಲಿ ಕಪ್ಪೆ, ಜಿರಳೆ ಕೊಯ್ದದ್ದು ಯಾವ ಪುರುಷಾರ್ಥಕ್ಕೆ? ಅಡಗಿಕೊಂಡೇ ಬದುಕುವ ಪ್ರಾಣಿಯನ್ನು ಹುಡುಕಿ ತೋರಿಸುತ್ತೇನೆ, ಅದರ ಹತ್ತಿರ ಕಲಿಯಲಿ ಎಂದುಕೊಂಡು ಹಿತ್ತಲಾಚೆಯ ಖಾಲಿ ಸೈಟಿಗೆ ನುಗ್ಗಿದೆ. ಆ ಕಾಲಕ್ಕೆ ಜಯನಗರದಲ್ಲೂ ಎರಡು ಮನೆಗೊಂದು ಖಾಲಿ ಸೈಟು, ಸೈಟಿನ ತುಂಬ ಲಂಟಾನ. ಬನಶಂಕರಿಯ ಕಡೆಗೆ ನಡೆದರಂತೂ ಬರೀ ಪೊದೆಯೇ. ಎರಡು ಗಂಟೆ ಹುಡುಕಿ ಮೈಯೆಲ್ಲ ಗೀರಿಸಿಕೊಂಡು ವಾಪಸ್ಸು ತಿರುಗುವಾಗ, ನಾನು ಹಿಡಿದು ಬಗ್ಗಿಸಿದ್ದ ಕೊಂಬೆಯ ಮೇಲೇ ಗೋಸುಂಬೆ ಕೂತಿತ್ತು. ನನ್ನ ಮೂಗಿನಿಂದ ಒಂದು ಗೇಣು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಣ್ಣು ನೊಣದ ಕಡೆ.

ಅಮ್ಮನನ್ನು ಕೂಗಿದೆ. ಅವಳು ಹಿತ್ತಲ ಬಾಗಿಲಿಂದಲೇ, "ಅದನ್ನ ಮನೆ ಒಳಕ್ಕೆ ತಂದ್ರೆ ನಿನ್ನನ್ನೂ ಅದನ್ನೂ ಸೇರಿಸಿ ಹೊರಗೆ ಹಾಕ್ತೀನಿ!" ಎಂದಳು.

"ತರಲ್ಲಮ್ಮ. ನೀನೇ ಬಂದು ನೋಡು."

"ನೋಡಕ್ಕೇನಿದೆ? ಬಣ್ಣ ಬದಲಾಯಿಸುತ್ತೆ, ಅಷ್ಟೇ ತಾನೆ? ನಮ್ಮ ಬಟ್ಟೆ ಬದಲಾಯಿಸುತ್ತಾ? ಮತ್ತೆ ಅದಕ್ಕೂ ಎಡಗಡೆ ಬಲಗಡೆ ಒಂದೇ ಥರ ಇದೆ. ದೇವರೂ ರಂಗೋಲಿನೇ ಹಾಕಿರೋದು ಹೋಗೇ."

ಹಾಗಂದರೂ ಅಮ್ಮನ ಕಾಲು ಅಷ್ಟರಲ್ಲಿ ಸೈಟಿನೊಳಗೆ ಬಂದಾಗಿತ್ತು. ಒಂದು ಕ್ಷಣ ನೋಡಿ ಹೋಗುತ್ತೇನೆ ಎಂದವಳು ನಿಂತೇ ಇದ್ದಳು. ಮಾವ ಕುಂಟುತ್ತ ಒಂದು ಸ್ಟೂಲು ತಂದಿಟ್ಟ. ಅಂದು, ಮರುದಿನ, ಮೂರನೆಯ ದಿನ, ಅಮ್ಮ ಮಧ್ಯಾಹ್ನದ ಊಟ ಮುಗಿಸಿ ಸ್ಟೂಲಿನ ಮೇಲೆ ಕೂತು ಗೋಸುಂಬೆಯನ್ನು ನೋಡಿದಳು. ಹಪ್ಪಳ ಕಾಯುವಾಗ ಕಾಗೆಯನ್ನು ಮಾತಾಡಿಸುವ ಹಾಗೆ ಅದನ್ನೂ ಮಾತಾಡಿಸುತ್ತಿದ್ದಳು. "ಇವತ್ತು ಎಲ್ಲಿದ್ದೀಯಮ್ಮಾ? ಓ, ಅಲ್ಲಿದ್ದೀಯಾ." ಹುಡುಕಲು ದಿನವೂ ಹತ್ತು ನಿಮಿಷ ಹಿಡಿಯುತ್ತಿತ್ತು. ಮಾವ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟ.

ಮೂರನೆಯ ಸಂಜೆ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದಳು. "ನೋಡೇ, ಅದರ ಮೈ ಎಲ್ಲಿ ಮುಗೀತು, ಎಲೆ ಎಲ್ಲಿ ಶುರುವಾಯ್ತು, ಹೇಳು."

ನಾನು ಬೆರಳು ಚಾಚಿದೆ, ಅದು ಎಲೆಗೆ ತಾಗಿತು.

"ಆ ಕಪ್ಪು ಪಟ್ಟೆ ನೋಡು, ಬೆನ್ನಿನ ತನಕ ಬಂದು ಅಲ್ಲಿ ನಿಲ್ಲಲ್ಲ. ಸೀದಾ ಆಚೆ ಹೋಗಿ ಕಡ್ಡಿ ನೆರಳಿಗೆ ಸೇರ್ಕೊಳುತ್ತೆ. ಹೊಟ್ಟೆ ಹತ್ರ ಬಿಳಿ ಚುಕ್ಕಿನೂ ಹಾಗೇ. ಬಣ್ಣ ಗಿಣ್ಣ ಆಮೇಲೆ, ಅದು ಅಂಚೇ ಇಟ್ಕೊಂಡಿಲ್ಲ ಕಣೇ! ಎರಡು ಪಕ್ಕ ಒಂದೇ ಥರ ಇದ್ರೂ ಒಟ್ಟಿಗೆ ಯಾರಿಗೂ ತೋರಿಸಲ್ಲ, ಯಾವಾಗ್ಲೂ ಒಂದೇ ಮಗ್ಗುಲು. ಮತ್ತೆ ನಡೆಯೋದು ನೋಡು, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಗಾಳಿಗೆ ಎಲೆ ಅಲ್ಲಾಡೋ ಹಾಗೆ. ನಾನು ಎಲ್ಲಾ ಗಂಟೂ ಬಿಗಿದು ಕಟ್ಟಿದ್ನಲ್ಲ, ಗಾಳಿ ಬಂದ್ರೆ ಪೊದೆಯೆಲ್ಲಾ ಅಲ್ಲಾಡುತ್ತೆ, ನಮ್ಮ ಬಲೆ ಮಾತ್ರ ಗೋಡೆ ಥರ ನಿಂತಿರುತ್ತೆ."

ಅಷ್ಟು ಖುಷಿ ಅವಳ ಮುಖದಲ್ಲಿ ನನ್ನ ರಿಸಲ್ಟ್ ಬಂದ ದಿನವೂ ಇರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತೆಂದೂ ಹೇಳಿಬಿಡುತ್ತೇನೆ. ಮೂರು ವರ್ಷ ಓದಿದವಳು ನಾನು, ಮೂರು ಮಧ್ಯಾಹ್ನದಲ್ಲಿ ಪಾಸಾದವಳು ಅವಳು.

ಆದರೆ ಗೊತ್ತಾದದ್ದು ಕೈಗೆ ಇಳಿಯಬೇಕಲ್ಲ. ಅದಕ್ಕೂ ಅಮ್ಮನೇ ದಾರಿ ಹುಡುಕಿದಳು. ಕೈ ಕೆಟ್ಟದ್ದು ಬಾಗಿಲ ಮುಂದೆ, ಅಲ್ಲೇ ರಿಪೇರಿಯಾಗಬೇಕು ಎಂದಳು. ಎಂಟೂ ಜನ ದಿನ ಬೆಳಗ್ಗೆ ತಮ್ಮ ತಮ್ಮ ಮನೆಯ ಮುಂದೆ ಗೋಸುಂಬೆಯ ಒಂದು ಮಗ್ಗುಲನ್ನು ರಂಗೋಲಿಯಲ್ಲಿ ಬಿಡಿಸಬೇಕು. ಚುಕ್ಕಿ ಇಡುವ ಹಾಗಿಲ್ಲ, ಅಂಚು ಎಳೆಯುವ ಹಾಗಿಲ್ಲ, ನಿನ್ನೆ ಹಾಕಿದ್ದನ್ನು ಇವತ್ತು ಹಾಕುವ ಹಾಗಿಲ್ಲ. ಚುಕ್ಕಿಯಿಲ್ಲದ ರಂಗೋಲಿಯೇ ಎಂದು ಒಬ್ಬರು ಅತ್ತೇಬಿಟ್ಟರು. ಅಮ್ಮ ಜಗ್ಗಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ರಸ್ತೆಯನ್ನು ನೋಡಬೇಕಿತ್ತು. ಎಂಟು ಮನೆಗಳ ಮುಂದೆ ಎಂಟು ಅನಾಹುತಗಳು. ಯಾರೋ ಪುಡಿಯ ಡಬ್ಬಿ ಎಡವಿ ಬೀಳಿಸಿ ಓಡಿಹೋದಂತೆ. ಹಾಲಿನವನು ಸೈಕಲ್ಲಿನಿಂದ ಇಳಿದು, ತುಳಿಯಬಹುದೋ ಬಾರದೋ ಗೊತ್ತಾಗದೆ ಸುತ್ತುಹಾಕಿ ಹೋದ. ರಂಗೋಲಿ ಇಲ್ಲದಿದ್ದರೆ ಆ ಮನೆಯಲ್ಲಿ ತಿಥಿಯೋ ಸೂತಕವೋ ಎಂದು ತಿಳಿಯುವ ಬೀದಿ ಅದು; ಇಂಥ ರಂಗೋಲಿಗೆ ಏನೆಂದು ತಿಳಿಯಬೇಕೋ ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಸಹಿಸಿದ ಎದುರುಮನೆ ಆಂಟಿ ನಾಲ್ಕನೆಯ ದಿನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು, ಮುಖ ಸಪ್ಪೆ ಮಾಡಿಕೊಂಡು ನಮ್ಮ ಮನೆಗೆ ಬಂದರು. ಶ್ರುತಿಯ ಜಗಳದ ನಂತರ ಇದೇ ಮೊದಲು.

"ಏನ್ರೀ ಆಯ್ತು? ಎಂಟೂ ಮನೇಲಿ ಒಟ್ಟಿಗೆ?" ಎಂದು ಅಮ್ಮನ ಕೈ ಹಿಡಿದುಕೊಂಡರು.

ಅಮ್ಮ ತೊದಲಿದಳು. ದ್ರಾಕ್ಷಿ ಚಪ್ಪರ ಇಲ್ಲಿ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಮಾವ ಒಳಗಿನಿಂದ, "ಕೈ ನಡುಗೋ ಜ್ವರ ಅಕ್ಕಾವ್ರೇ, ಭಜನೆ ಮಾಡೋರಿಗೆ ಮಾತ್ರ ಬರುತ್ತಂತೆ. ನೀವು ಬಿಟ್ಟಿದ್ದು ಒಳ್ಳೇದಾಯ್ತು," ಎಂದು ಕೂಗಿ ಹೇಳಿದ. ಆಂಟಿ ಗಾಬರಿಯಾಗಿ ಫ್ಲಾಸ್ಕನ್ನು ಅಲ್ಲೇ ಬಿಟ್ಟು ಹೊರಟುಹೋದರು. ಕಾಫಿ ಬಹಳ ಚೆನ್ನಾಗಿತ್ತು.

ಎರಡನೆಯ ವಾರದ ಕೊನೆಗೆ ಕೈಗಳು ಮರೆಯಬೇಕಾದದ್ದನ್ನು ಮರೆತವು. ಮೂರನೆಯ ವಾರ ಹಳೆಯ ಬಲೆಯ ಗಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆವು. ನಾನು ಪಟ್ಟಿಗಳನ್ನು ಉದ್ದ ಗಿಡ್ಡ ಕತ್ತರಿಸಿದೆ. ಕೆಲವು ಗಂಟು ಬಿಗಿ, ಕೆಲವು ಸಡಿಲ, ತುದಿಗಳು ಜೋತಾಡುವ ಹಾಗೆ. ಕಡು ಬಣ್ಣದ ಪಟ್ಟೆಗಳು ಬಲೆಯ ತುದಿಯವರೆಗೂ ಬಂದು ಅಲ್ಲಿ ನಿಲ್ಲದೆ ಆಚೆ ಹರಿದುಹೋದವು. ಹಜಾರದಲ್ಲಿ ಹರಡಿದಾಗ ಈ ಸಲ ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಅಪ್ಪ ಆಫೀಸಿನಿಂದ ಬಂದವರು, "ಇದನ್ಯಾಕೆ ಇನ್ನೂ ಗುಡಿಸಿಲ್ಲ?" ಎಂದು ಕೇಳಿದರು. ಅಮ್ಮನಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ. ಒಂದೇ ಒಂದು ಕಡೆ ಅವಳು ಸೋತಳು. ಒಳಮೈಯ ಮೂಲೆಯಲ್ಲಿ, ಯಾರಿಗೂ ಕಾಣದಂತೆ, ಒಂದು ಅರಿಶಿನದ ಕೊಂಬು ಕಟ್ಟಿದಳು. ನಾನು ನೋಡಿಯೂ ಪಟ್ಟಿ ಕತ್ತರಿಸುತ್ತ ಕೂತೆ.

ಪರೀಕ್ಷೆ ಗಿರಿನಗರದ ಕಡೆಯ ಗುಡ್ಡದಲ್ಲಿ. ಆಗ ಅಲ್ಲಿ ಬಂಡೆಗಳು, ಪೊದೆಗಳು, ಅಲ್ಲೊಂದು ಇಲ್ಲೊಂದು ಮನೆ. ಬಲೆ ಹರಿದರೆ ಸರಿಮಾಡಲು ಕಟ್ಟಿದವರು ಬೇಕು ಎಂದು ಹೇಳಿ ಮಹಡಿಯವರು ಅಮ್ಮನನ್ನೂ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಬಲೆಯ ಕೆಳಗೆ ಮಲಗಲು ಒಬ್ಬರು ಬೇಕಿತ್ತು. ಮಾವ ತನ್ನ ಹಳೆಯ ಖಾಕಿ ಸ್ವೆಟರ್ ಹಾಕಿಕೊಂಡು ಮೊದಲೇ ಜೀಪು ಹತ್ತಿ ಕೂತಿದ್ದ.

"ನೀನ್ಯಾಕೋ?" ಎಂದಳು ಅಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು.

"ಹಳೇದರ ಕೆಳಗೆ ಮಲಗಿ ನೋಡಿದ್ದೀನಲ್ಲ. ಹೊಸದು ಹೆಂಗಿದೆ ಅಂತ ನಾನೇ ಹೇಳ್ಬೇಕು," ಎಂದ ಮಾವ. ಇದೊಂದು ಮಾತನ್ನು ಅವನು ಗೇಲಿಯಿಲ್ಲದೆ ಹೇಳಿದ. ಅಮ್ಮ ಕೈ ಚಾಚಿ ಅವನ ನಶ್ಯದ ಡಬ್ಬಿ ಕಿತ್ತುಕೊಂಡಳು.

ನಮ್ಮನ್ನೆಲ್ಲ ಎತ್ತರದ ಒಂದು ಬಂಡೆಯ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸಿ, ಮಹಡಿಯವರು ಮಾವನನ್ನು ಕೆಳಗೆ ಕರೆದುಕೊಂಡು ಹೋಗಿ ಎಲ್ಲೋ ಮಲಗಿಸಿ ಬಂದರು. ಸೀಟಿ ಊದುವವರೆಗೆ ಅಲ್ಲಾಡಬಾರದು, ಉಸಿರೆತ್ತಬಾರದು ಎಂದು ಅವನಿಗೆ ಕಟ್ಟಪ್ಪಣೆ. ಸೈನ್ಯದಿಂದ ಬಂದಿದ್ದ ದಪ್ಪ ಮೀಸೆಯ ಅಧಿಕಾರಿ ಬೈನಾಕ್ಯುಲರ್ ಎತ್ತಿದರು. ಪಕ್ಕದಲ್ಲಿ ಆ ವಿಶೇಷ ಫಿಲ್ಮಿನ ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು, ಒಬ್ಬ ಫೋಟೋದವನು ಬಿಟ್ಟು ಬಿಟ್ಟು ಕ್ಲಿಕ್ಕಿಸುತ್ತಿದ್ದ. ಐದು ನಿಮಿಷವಾಯಿತು. ಅಧಿಕಾರಿ ಒಂದು ಪೊದೆ ತೋರಿಸಿದರು. ಮಹಡಿಯವರು ತಲೆಯಾಡಿಸಿದರು, ಅಲ್ಲ. ಹತ್ತು ನಿಮಿಷ. ಇನ್ನೊಂದು ಪೊದೆ. ಅದೂ ಅಲ್ಲ. ನಾನು ಅಮ್ಮನ ಕೈ ಹಿಸುಕಿದೆ, ಅಮ್ಮ ನನ್ನ ಕೈ ಹಿಸುಕಿದಳು. ಇಬ್ಬರಿಗೂ ಕುಣಿಯಬೇಕೆನಿಸುತ್ತಿತ್ತು. ಗಾಳಿ ಬೀಸಿತು, ಗುಡ್ಡದ ಪೊದೆಗಳೆಲ್ಲ ಒಟ್ಟಿಗೆ ಅಲ್ಲಾಡಿದವು, ಅದರಲ್ಲಿ ನಮ್ಮದು ಯಾವುದೆಂದು ನನಗೂ ಗೊತ್ತಾಗಲಿಲ್ಲ.

ಕೊನೆಗೆ ಅಧಿಕಾರಿ ಬೈನಾಕ್ಯುಲರ್ ಇಳಿಸಿ ನಕ್ಕರು. "ನನ್ನಿಂದ ಆಗ್ಲಿಲ್ಲ. ಕಟ್ಟಿದೋರು ನೀವು. ನೀವೇ ತೋರಿಸಿಬಿಡಿ ಮೇಡಂ."

ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಮೂರು ಮಧ್ಯಾಹ್ನ ಗೋಸುಂಬೆಯನ್ನು ಹುಡುಕಿದ ಕಣ್ಣು ಅದು. ಒಂದೊಂದು ಪಟ್ಟಿಯೂ ಅವಳ ಕೈಯಿಂದ ದಾಟಿಹೋದದ್ದು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಗು ಮೊದಲು ತುಟಿಯಿಂದ ಹೋಯಿತು, ಆಮೇಲೆ ಕಣ್ಣಿನಿಂದ. ಕಿಟಕಿಯಲ್ಲಿ ನಿಂತು ಅಂಚೆಯವನನ್ನು ನೋಡುತ್ತಿದ್ದ ಮುಖ ಅದು. ಹತ್ತು ವರ್ಷದ ಮೇಲೆ ಮತ್ತೆ ನೋಡಿದೆ.

"ಕಾಣ್ತಿಲ್ವಲ್ಲೇ," ಎಂದಳು ಮೆಲ್ಲಗೆ. ಮರುಕ್ಷಣವೇ, ಗುಡ್ಡವೆಲ್ಲ ಮೊಳಗುವಂತೆ ಕೂಗಿದಳು. "ಲೋ ಪುಟ್ಟಾ! ಎಲ್ಲಿದ್ದೀಯೋ?"

"ಇಲ್ಲೇ ಇದ್ದೀನಕ್ಕಾ!"

ನಮ್ಮ ಕಾಲಡಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಪೊದೆ ಎದ್ದು ನಿಂತಿತು. ಅದರೊಳಗಿಂದ ಮಾವ, ತಲೆಯ ಮೇಲೆ ಪಟ್ಟಿಗಳು, ಕೈ ಮೇಲೆತ್ತಿಕೊಂಡು. ಅಮ್ಮ ಚಪ್ಪಲಿ ಅಲ್ಲೇ ಬಿಟ್ಟು ಬಂಡೆಯಿಳಿದು ಓಡಿದಳು. ಮಾವ ಕುಂಟುತ್ತ ಎದುರಿಗೆ ಬಂದ. ಅವನ ಎರಡು ತೋಳನ್ನೂ ಹಿಡಿದು ಅಲ್ಲಾಡಿಸಿದಳು, ಬೈದಳು, ಅತ್ತಳು, ನಕ್ಕಳು. ಯಾವುದು ಮೊದಲು ಯಾವುದು ಆಮೇಲೆ ಎಂದು ನನಗೆ ಹೇಳಲಾಗದು. "ಒಳಗೆಲ್ಲಾ ಮದುವೆ ಮನೆ ವಾಸನೆ ಕಣಕ್ಕ, ಅರಿಶಿನ ಕಟ್ಟಿದ್ದೀಯಾ?" ಎಂದು ಮಾವ ಕೇಳುತ್ತಿದ್ದದ್ದು ಮೇಲೆ ನಿಂತ ನಮಗೂ ಕೇಳಿಸಿತು.

ಸೀಟಿ ಇನ್ನೂ ಮಹಡಿಯವರ ಕೈಯಲ್ಲೇ ಇತ್ತು. "ಸಾರ್, ಅವರು ಮೊದಲೇ ಎದ್ದುಬಿಟ್ರು. ಇದನ್ನ ಹೇಗೆ ಬರಕೊಳ್ತೀರೋ..." ಎಂದು ಗೊಣಗಿದರು.

ಅಧಿಕಾರಿ ಕೆಳಗೆ ನೋಡುತ್ತ ಮೀಸೆ ಒರೆಸಿಕೊಂಡರು. "ಬಲೆ ಪಾಸು. ಮನುಷ್ಯ ಫೇಲು," ಎಂದರು.

ಮಾವ ಮೇಲೆ ಬಂದು ಅಟೆನ್ಷನ್‌ನಲ್ಲಿ ನಿಂತ. ಕುಂಟುಗಾಲು ಎಷ್ಟು ಬಿಡುತ್ತದೋ ಅಷ್ಟು. "ಸಾರ್, ಎಲ್ಲಾ ಟ್ರೇನಿಂಗೂ ಕೊಟ್ಟಿದ್ರಿ. ಅಕ್ಕ ಕರೆದಾಗ ಸುಮ್ನಿರೋದು ಹೆಂಗೆ ಅಂತ ಒಂದು ಹೇಳ್ಕೊಡ್ಲಿಲ್ಲ," ಎಂದ. ಅಷ್ಟು ಹೊತ್ತು ತಡೆದುಕೊಂಡಿದ್ದ ಸೀನು ಆಗ ಬಂತು.

ಮರುದಿನ ಬೆಳಗ್ಗೆ ನಮ್ಮ ಮನೆಯ ಮುಂದೆ, ಗೇಟಿನಿಂದ ರಸ್ತೆಯ ನಡುವಿನವರೆಗೆ, ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಅರಳಿತ್ತು. ಎಡಬಲ ಒಂದೇ ಅಳತೆ, ಸುತ್ತಲೂ ಎರಡೆಳೆಯ ಅಂಚು. ಎದುರುಮನೆ ಆಂಟಿ ತಮ್ಮ ಫ್ಲಾಸ್ಕು ಕೇಳುವ ನೆಪದಲ್ಲಿ ಬಂದು, ಜ್ವರ ಬಿಟ್ಟಿತಾ ಎಂದು ವಿಚಾರಿಸಿದರು. ಮುಂದಿನ ಶನಿವಾರದಿಂದ ಭಜನೆಗೂ ಬರತೊಡಗಿದರು. ಶ್ರುತಿ ಆಗಲೂ ಸೇರುತ್ತಿರಲಿಲ್ಲ.

ವಾರದ ಮೇಲೆ ಮಹಡಿಯವರು ಒಂದು ಫೋಟೋ ತಂದುಕೊಟ್ಟರು. ಫೈಲಿಗೆ ಬೇಡವಾದ ಪ್ರಿಂಟು, ಅಮ್ಮ ಕೂಗಿದ ಮೇಲೆ ಕ್ಯಾಮೆರಾದವನು ಗಾಬರಿಯಲ್ಲಿ ಒತ್ತಿಬಿಟ್ಟಿದ್ದು. ಗುಡ್ಡವೆಲ್ಲ ಬೆಳ್ಳಗೆ, ಪೊದೆಗಳು ಬೆಳ್ಳಗೆ, ನೆಲದ ಮೇಲೆ ಬಿದ್ದ ಬಲೆ ಎಲ್ಲಿದೆಯೆಂದು ಇವತ್ತಿಗೂ ನನಗೆ ಸಿಕ್ಕಿಲ್ಲ. ಆ ಬಿಳಿಯ ನಡುವೆ ಎರಡೇ ಎರಡು ಕಪ್ಪು ಆಕೃತಿಗಳು. ಒಂದು ಕೈಯೆತ್ತಿ ನಿಂತದ್ದು, ಇನ್ನೊಂದು ಅದರ ಕಡೆಗೆ ಓಡುತ್ತಿರುವುದು. ಮುಖ ಯಾವುದೂ ಕಾಣುವುದಿಲ್ಲ. ಅಕ್ಕ ತಮ್ಮ ಇಬ್ಬರೂ ಜೊತೆಗಿರುವ ಫೋಟೋ ನಮ್ಮ ಮನೆಯಲ್ಲಿ ಅದೊಂದೇ, ಆದ್ದರಿಂದ ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ನೇತುಹಾಕಿಸಿದಳು. ಬಂದವರೆಲ್ಲ ಯಾರಿದು, ಏನಿದು ಎಂದು ಕೇಳುತ್ತಿದ್ದರು. ಅಮ್ಮ ಮೊದಲು ಕಟ್ಟು ವಾಲಿದೆಯೇ ಎಂದು ನೋಡಿ, ಬೆರಳ ತುದಿಯಿಂದ ನೆಟ್ಟಗೆ ಮಾಡಿ, ಆಮೇಲೆ ಹೇಳುತ್ತಿದ್ದಳು. "ನಾನು, ನನ್ನ ತಮ್ಮ. ಓಡೋ ಭರದಲ್ಲಿ ಸೆರಗಿನ ಅಂಚು ಸೊಟ್ಟಗಾಗಿದೆ ನೋಡಿ."